ರೀಫ್ ಟ್ಯಾಂಕಿನ ನೀರು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು: ಬಾಲ್ಕನಿಯಲ್ಲಿ ಸಮುದ್ರ ಕಲಸುವವನ ಲೆಕ್ಕ

ಎರಡು ವಾರಕ್ಕೊಮ್ಮೆ, ಭಾನುವಾರ ತಿಂಡಿ ಆದಮೇಲೆ, ನಾನು ಬಾಲ್ಕನಿಯಲ್ಲಿ ಸಮುದ್ರ ಕಲಸಲು ಕೂರುತ್ತೇನೆ. ಮನೆಯಲ್ಲೊಂದು ರೀಫ್ ಟ್ಯಾಂಕ್ ಇದೆ, ಅಂದರೆ ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ. ಅದಕ್ಕೇ ಇದು. ಒಂದೂವರೆ ಕ್ಯಾನ್ ನೀರು, ಒಂದು ಕಿಲೋಗೆ ಸ್ವಲ್ಪ ಜಾಸ್ತಿ ಉಪ್ಪಿನ ಪುಡಿ. ನಮ್ಮೂರು ಮರವಂತೆ ಹತ್ತಿರ. ರಾತ್ರಿ ಮಲಗಿದರೆ ಅಲೆಯ ಸದ್ದು ಕಿವಿಗೆ ಬೀಳುತ್ತದೆ. ಅಂಥ ಕಡೆಯಿಂದ ಬಂದವನು ಬೆಂಗಳೂರಿನ ಮೂರನೇ ಮಹಡಿಯಲ್ಲಿ ದುಡ್ಡು ಕೊಟ್ಟು ಸಮುದ್ರದ ಉಪ್ಪು ತರುತ್ತಾನೆ ಅಂದರೆ ಅಮ್ಮನಿಗೆ ಇವತ್ತಿಗೂ ಅರಗಿಲ್ಲ. "ಸಮುದ್ರದ್ ನೀರಿಗೂ ದುಡ್ಡ್ ಕೊಡುದಾ ಮಾರಾಯಾ?" ಎನ್ನುತ್ತಾರೆ.

ಟ್ಯಾಂಕ್ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕೆಳಗೆ ಕಪಾಟಿನಲ್ಲಿ ಸಂಪ್. ಸಂಪ್ ಅಂದ ಕೂಡಲೇ ಮನೆ ಮುಂದೆ ನೆಲದಡಿ ಇರುವ ನೀರಿನ ತೊಟ್ಟಿ ನೆನಪಾದರೆ ತಪ್ಪಿಲ್ಲ, ನನ್ನ ಹೆಂಡತಿಗೂ ಹಾಗೇ ಆಗಿತ್ತು. ಇದು ಇನ್ನೊಂದು ಗಾಜಿನ ತೊಟ್ಟಿ. ನೊರೆ ಎಬ್ಬಿಸಿ ನೀರಿನ ಕೊಳೆ ಎಳೆಯುವ ಸ್ಕಿಮ್ಮರ್, ಹೀಟರ್, ಪಂಪ್ ಎಲ್ಲ ಅಲ್ಲೇ ಅಡಗಿರುತ್ತವೆ. ಕಲ್ಲು, ಮರಳು ಕಳೆದು ಎರಡರಲ್ಲೂ ಸೇರಿ ಸುಮಾರು 200 ಲೀಟರ್ ನೀರಿದೆ. ಲೆಕ್ಕಕ್ಕೆ ಇದು ತುಂಬಾ ಅನುಕೂಲ. ನಮ್ಮೂರಲ್ಲೆಲ್ಲ ಸಿಗುವ ಕುಡಿಯುವ ನೀರಿನ ಕ್ಯಾನ್ ಇದೆಯಲ್ಲ, ಅದು 20 ಲೀಟರ್. ಒಂದು ಕ್ಯಾನ್ ಅಂದರೆ ಶೇಕಡಾ 10. ಒಳಗೆ ಎರಡು ಕ್ಲೌನ್ ಮೀನು, ಒಂದು ಗೋಬಿ, ಒಂದಿಷ್ಟು ಬಸವನಹುಳು, ಮಶ್ರೂಮ್ ಮತ್ತು ಝೋವಾ ಹವಳ, ಎರಡು ಹ್ಯಾಮರ್ ಹವಳ.

ಅವಸರದಲ್ಲಿರುವವರಿಗೆ ಉತ್ತರ ಇಲ್ಲೇ ಕೊಟ್ಟುಬಿಡುತ್ತೇನೆ. ವಾರಕ್ಕೊಮ್ಮೆ ಶೇಕಡಾ 10. ಮೀನು ಹಾಕಿದಮೇಲೆ ಟ್ಯಾಂಕಿಗೆ ಒಂದು ವರ್ಷ ತುಂಬುವವರೆಗೆ ಹೀಗೇ ಮಾಡಿ, ತಪ್ಪಾಗುವುದಿಲ್ಲ. ಆಮೇಲೆ ನಿಮ್ಮ ಟ್ಯಾಂಕ್ ಏನು ಹೇಳುತ್ತದೋ ಹಾಗೆ. ಅದು ಹೇಳುವುದನ್ನು ಕೇಳಿಸಿಕೊಳ್ಳಲು ನೈಟ್ರೇಟ್ ಟೆಸ್ಟ್ ಕಿಟ್ ಒಂದು, ನೋಟ್‌ಬುಕ್ ಒಂದು ಬೇಕು.

ಇಳಿಯದ ನಲವತ್ತು

ಮೊದಲ ವರ್ಷ ನಾನು ತುಂಬಾ ಶಿಸ್ತಿನ ಮನುಷ್ಯ. ಪ್ರತಿ ಭಾನುವಾರ ಒಂದು ಕ್ಯಾನ್, ಒಂದು ವಾರವೂ ತಪ್ಪಿಸಿಲ್ಲ. ಆದರೂ ನೈಟ್ರೇಟ್ 40 ಪಿಪಿಎಂ, ಅಂದರೆ ಲೀಟರಿಗೆ 40 ಮಿಲಿಗ್ರಾಂ. ಗಾಜಿನ ಮೇಲೆ ದಿನಾ ಕಂದು ಪಾಚಿ, ಕಲ್ಲಿನ ಮೇಲೆ ಕೂದಲಿನಂಥ ಹಸಿರು ಪಾಚಿ. ಈ ವಾರ ಇಳಿಯಬಹುದು, ಮುಂದಿನ ವಾರ ಇಳಿಯಬಹುದು ಅಂತ ಮೂರು ತಿಂಗಳು ಕಾದೆ. ನಲವತ್ತು ಅಂದರೆ ನಲವತ್ತೇ.

ಕೊನೆಗೆ ಒಂದು ದಿನ ಆಫೀಸ್ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಮೀನಿಗೆ ಹಾಕಿದ ತಿಂಡಿ ಕೊಳೆತು ಅಮೋನಿಯ ಆಗುತ್ತದೆ. ಕಲ್ಲಿನಲ್ಲಿರುವ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಪಾಚಿ, ಹವಳ, ಕಲ್ಲಿನ ಒಳಗಿನ ಬ್ಯಾಕ್ಟೀರಿಯ ಒಂದಿಷ್ಟು ತಿಂದುಕೊಳ್ಳುತ್ತವೆ. ಉಳಿದದ್ದು ನೀರಿನಲ್ಲೇ ಕೂಡುತ್ತಾ ಹೋಗುತ್ತದೆ. ನನ್ನ ಟ್ಯಾಂಕಿನಲ್ಲಿ ಅದು ವಾರಕ್ಕೆ 4 ಪಿಪಿಎಂ ಏರುತ್ತಿತ್ತು. ನಾನು ಬದಲಿಸುತ್ತಿದ್ದದ್ದು ಹತ್ತರಲ್ಲಿ ಒಂದು ಪಾಲು ನೀರು. 40ರಲ್ಲಿ ಒಂದು ಪಾಲು ಅಂದರೆ 4. ಭಾನುವಾರ 4 ತೆಗೆಯುತ್ತೇನೆ, ಮುಂದಿನ ಭಾನುವಾರದೊಳಗೆ ಅದು 4 ತುಂಬಿಸಿಕೊಳ್ಳುತ್ತದೆ. ಇನ್ನು ಹತ್ತು ವರ್ಷ ಹೀಗೇ ಮಾಡಿದರೂ 40 ಹಾಗೇ ನಿಲ್ಲುತ್ತಿತ್ತು.

ಹಾಗಾಗಿ ಲೆಕ್ಕ ಸುಲಭ. ಒಂದು ವಾರ ನೀರು ಮುಟ್ಟದೆ, ಭಾನುವಾರದಿಂದ ಭಾನುವಾರಕ್ಕೆ ನೈಟ್ರೇಟ್ ಎಷ್ಟು ಏರಿತು ನೋಡಿ. ವಾರಕ್ಕೆ ಶೇಕಡಾ 10 ಬದಲಿಸುವವರಾದರೆ ಆ ಅಂಕಿಯನ್ನು 10ರಿಂದ ಗುಣಿಸಿ. ಶೇಕಡಾ 20 ಆದರೆ 5ರಿಂದ. ನಿಮ್ಮ ಟ್ಯಾಂಕ್ ಕೊನೆಗೆ ಬಂದು ನಿಲ್ಲುವ ಜಾಗ ಅದು. ವಾರಕ್ಕೆ 2 ಏರುತ್ತಿದ್ದರೆ ಶೇಕಡಾ 10ಕ್ಕೆ 20ರಲ್ಲಿ ನಿಲ್ಲುತ್ತದೆ, ಶೇಕಡಾ 20ಕ್ಕೆ 10ರಲ್ಲಿ. ಮೆದು, ಗಟ್ಟಿ ಹವಳ ಎರಡೂ ಇರುವ ನನ್ನಂಥ ಮಿಶ್ರ ಟ್ಯಾಂಕಿಗೆ 5ರಿಂದ 15ರ ಒಳಗೆ ಇದ್ದರೆ ಚೆನ್ನ. 20 ದಾಟಿದರೆ ನಾನು ಏನಾದರೂ ಮಾಡುತ್ತೇನೆ. ಒಂದೇ ವಾರದ ಅಳತೆಯನ್ನು ಮಾತ್ರ ನಂಬಬೇಡಿ. ಟೆಸ್ಟ್ ಕಿಟ್ಟಿನ ಬಣ್ಣ ಬೆಳಗಿನ ಬೆಳಕಲ್ಲಿ ಒಂದು ಥರ, ಟ್ಯೂಬ್‌ಲೈಟಲ್ಲಿ ಇನ್ನೊಂದು ಥರ ಕಾಣುತ್ತದೆ. ಮೂರು ನಾಲ್ಕು ವಾರದ ಅಂಕಿ ಇಟ್ಟುಕೊಂಡು ಸರಾಸರಿ ತೆಗೆಯಿರಿ.

ಈ ಲೆಕ್ಕ ಗೊತ್ತಾದಮೇಲೆ ನಾನು ಬಕೆಟ್ ಬಿಟ್ಟು ತಿಂಡಿ ಡಬ್ಬಿ ಕಡೆ ನೋಡಿದೆ. ದಿನಕ್ಕೆ ಮೂರು ಸಲ ಹಾಕುತ್ತಿದ್ದೆ, ಮಗಳು ನಾನಿಲ್ಲದಾಗ ಇನ್ನೊಂದು ಸಲ. ಐಸ್‌ನಲ್ಲಿಟ್ಟ ಸಿಗಡಿ ತಿಂಡಿಯನ್ನು ಕರಗಿದ ನೀರಿನ ಸಮೇತ ಸುರಿಯುತ್ತಿದ್ದೆ. ಅದನ್ನು ಟೀ ಸೋಸುವ ಜಾಲರಿಯಲ್ಲಿ ಸೋಸಿ, ದಿನಕ್ಕೆ ಒಂದೇ ಸಲ ಮಾಡಿದೆ. ಸ್ಕಿಮ್ಮರನ್ನು ಬಿಚ್ಚಿ ತೊಳೆದೆ. ಸಂಪಿನ ಮೂಲೆಯಲ್ಲಿ ಒಂದು ಮುಷ್ಟಿ ಕೀಟೋಮಾರ್ಫಾ ಪಾಚಿ ಬೆಳೆಸಿದೆ. ಮೊದಲೇ ಇದ್ದ 40ನ್ನು ಇಳಿಸಲು ಮಾತ್ರ ಶೇಕಡಾ 30ರಂತೆ ಮೂರು ಸಲ, ನಡುವೆ ಮೂರು ನಾಲ್ಕು ದಿನ ಬಿಟ್ಟು ಬದಲಿಸಿದೆ. ಮೂರನೇ ಸಲಕ್ಕೆ 15ರ ಹತ್ತಿರ ಬಂತು. ಕೆಲವು ತಿಂಗಳಲ್ಲಿ ವಾರದ ಏರಿಕೆ 4ರಿಂದ 1ಕ್ಕೆ ಇಳಿಯಿತು. ಆಮೇಲೆ ಅದೇ ಒಂದು ಕ್ಯಾನ್ ಹಾಕಿದರೂ ಟ್ಯಾಂಕ್ 10ರಲ್ಲಿ ನಿಂತಿತು.

ಬರ ಬಂದ ವರ್ಷ

2024ರ ಮಾರ್ಚ್ ಬೆಂಗಳೂರಿನವರಿಗೆ ಮರೆಯಲ್ಲ. ಬೋರ್‌ವೆಲ್ ಬತ್ತಿದವು, ಟ್ಯಾಂಕರ್ ಸಿಗಲಿಲ್ಲ. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ನಮ್ಮ ಬಿಲ್ಡಿಂಗಿನಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು. ಟ್ಯಾಂಕಿನ ನೀರು ಶುದ್ಧ ಮಾಡುವ ನನ್ನ ಆರ್‌ಓ ಯಂತ್ರ ಒಂದು ಲೀಟರ್ ಒಳ್ಳೆಯ ನೀರು ಕೊಡಲು ಮೂರು ಲೀಟರ್ ಹೊರಗೆ ಬಿಡುತ್ತದೆ. ಅಂದರೆ ಒಂದು ಕ್ಯಾನಿಗೆ 80 ಲೀಟರ್. ಪಕ್ಕದ ಮನೆಯವರು ಬಕೆಟ್ ಹಿಡಿದು ಮೆಟ್ಟಿಲು ಹತ್ತುವಾಗ ನಾನು ಮೀನಿಗೆ 80 ಲೀಟರ್ ಬಿಡುವುದು ಹೇಗೆ? ಮುಖ ತೋರಿಸೋಕೂ ನಾಚಿಕೆ.

ಐದು ವಾರ ಬದಲಿಸಲೇ ಇಲ್ಲ. ಆವಿಯಾದ ನೀರನ್ನು ಮಾತ್ರ ತುಂಬಿಸಿದೆ. ಎದೆ ಹೊಡೆದುಕೊಳ್ಳುತ್ತಿತ್ತು. ಪ್ರತಿ ಭಾನುವಾರ ನೈಟ್ರೇಟ್ ಅಳೆದು ಬರೆದಿಟ್ಟೆ: 9, 10, 11, 12, 13, ಕೊನೆಗೆ 14. ಅಷ್ಟೇ. ಹ್ಯಾಮರ್ ಹವಳ ಎಂದಿನಂತೆ ಅರಳಿತ್ತು, ಕ್ಲೌನ್ ಮೀನು ಎಂದಿನಂತೆ ನನ್ನ ಕೈ ಕಚ್ಚಲು ಬಂತು. ಹವಳಕ್ಕೆ ಬೇಕಾದ ಆಲ್ಕಲಿನಿಟಿ (ನೀರಿನಲ್ಲಿರುವ ಕಾರ್ಬೊನೇಟ್, ಬೈಕಾರ್ಬೊನೇಟುಗಳ ಅಳತೆ) ಮತ್ತು ಕ್ಯಾಲ್ಸಿಯಂ ಬೇರೆಯಾಗಿ ಹಾಕುತ್ತಿದ್ದೆ, ಅದನ್ನು ನಿಲ್ಲಿಸಿರಲಿಲ್ಲ.

ಮಳೆ ಬಂದಮೇಲೆ ಹಳೆಯ ಶಿಸ್ತಿಗೆ ಹೋಗಲಿಲ್ಲ. ಎರಡು ವಾರಕ್ಕೊಮ್ಮೆ ಒಂದೂವರೆ ಕ್ಯಾನ್, ಅಂದರೆ ಶೇಕಡಾ 15. ಎರಡು ವಾರಕ್ಕೆ 2 ಏರುತ್ತದೆ, 13ರ ಸುತ್ತ ನಿಲ್ಲುತ್ತದೆ. ಸಾಕು. ಆರ್‌ಓ ಹೊರಬಿಡುವ ನೀರು ಈಗ ಒಂದು ಡ್ರಮ್ಮಿಗೆ ಬೀಳುತ್ತದೆ. ನೆಲ ಒರೆಸಲು, ಟಾಯ್ಲೆಟ್ಟಿಗೆ ಅದೇ.

ಹಾಗಂತ ಬದಲಿಸದೇ ಇದ್ದರೂ ನಡೆಯುತ್ತದೆ ಅಂತ ಹೊರಡಬೇಡಿ. ಜರ್ಮನಿಯ ಟ್ರೈಟನ್ ಪದ್ಧತಿ ಅಂತ ಒಂದಿದೆ. ಅವರು ನೀರು ಬದಲಿಸುವುದಿಲ್ಲ. ಬದಲಿಗೆ ನೀರಿನ ಸ್ಯಾಂಪಲ್ ಲ್ಯಾಬಿಗೆ ಕಳಿಸಿ, ಯಾವ ಧಾತು ಎಷ್ಟು ಕಡಿಮೆ ಅಂತ ನೋಡಿ ಅಷ್ಟಷ್ಟೇ ಹಾಕುತ್ತಾರೆ. ಪಾಚಿ ಬೆಳೆಸಲು ದೊಡ್ಡ ಜಾಗ ಇಡುತ್ತಾರೆ. ಅಷ್ಟು ತಾಳ್ಮೆ, ಅಷ್ಟು ದುಡ್ಡು ಇದ್ದವರು ಮಾಡಲಿ. ನನಗೆ ಬಕೆಟ್ಟೇ ಅಗ್ಗ.

ಎಂಥ ನೀರು

ನಮ್ಮ ಮನೆ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, 870. ಬೇಸಿಗೆಯಲ್ಲಿ ಸಾವಿರ ದಾಟುತ್ತದೆ. ಕಾವೇರಿ ನೀರು ಬರುವ ಮನೆಯವರು ಪುಣ್ಯವಂತರು, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಎರಡನ್ನೂ ನೇರ ಹಾಕುವ ಹಾಗಿಲ್ಲ. ರೀಫ್ ಟ್ಯಾಂಕಿಗೆ ಬೇಕಾದದ್ದು ಟಿಡಿಎಸ್ ಸೊನ್ನೆ ಇರುವ ನೀರು. ಆರ್‌ಓ ಆದಮೇಲೆ ಡಿಐ ಅನ್ನುವ ಇನ್ನೊಂದು ಹಂತ ಇರುತ್ತದೆ, ರಾಳದ ಮಣಿ ತುಂಬಿದ ಕೊಳವೆ. ಅದು ಕೊನೆಗೆ ಉಳಿದದ್ದನ್ನು ಹಿಡಿಯುತ್ತದೆ. ಮಣಿಯ ಬಣ್ಣ ಬದಲಾದರೆ ಅದರ ಕಾಲ ಮುಗಿಯಿತು ಅಂತ.

"ಅಡುಗೆಮನೆಯ ಪ್ಯೂರಿಫೈಯರ್ ಇದೆಯಲ್ಲ, ಅದೂ ಆರ್‌ಓ ತಾನೇ?" ಅಂತ ಎಲ್ಲರೂ ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಆರು ತಿಂಗಳು ಅದೇ ನೀರು. ಒಂದು ಶನಿವಾರ ಪ್ಯೂರಿಫೈಯರ್ ಸರ್ವಿಸ್‌ಗೆ ಹುಡುಗ ಬಂದ. ಫಿಲ್ಟರ್ ಬದಲಿಸಿದ. ಹೋಗುವಾಗ ಖುಷಿಯಿಂದ ಹೇಳಿದ: "ಹೊಸ ಕಾರ್ಟ್ರಿಜ್ ಹಾಕಿದೀನಿ ಸಾರ್, ನೀರಿಗೆ ತಾಮ್ರ ಬರುತ್ತೆ. ಆರೋಗ್ಯಕ್ಕೆ ಒಳ್ಳೇದು." ನಾನೂ ಥ್ಯಾಂಕ್ಸ್ ಹೇಳಿ ಕಾಫಿ ಕೊಟ್ಟು ಕಳಿಸಿದೆ. ಮರುದಿನ ಆ ನೀರಲ್ಲೇ ಉಪ್ಪು ಕಲಸಿದೆ. ವಾರವಿಡೀ ಆವಿಯಾದ ನೀರಿಗೂ ಅದನ್ನೇ ತುಂಬಿಸಿದೆ.

ಬುಧವಾರ ಬಸವನಹುಳುಗಳು ಗಾಜಿನಿಂದ ಜಾರಿ ಮರಳ ಮೇಲೆ ಮಗುಚಿ ಬಿದ್ದಿದ್ದವು. ಎತ್ತಿ ನಿಲ್ಲಿಸಿದರೆ ಮತ್ತೆ ಬೀಳುತ್ತಿದ್ದವು. ಗುರುವಾರ ಬೆಳಿಗ್ಗೆ ಕ್ಲೀನರ್ ಸಿಗಡಿ ಕಲ್ಲಿನ ಸಂದಿಯಲ್ಲಿ ಸತ್ತು ಬಿದ್ದಿತ್ತು. ಕೆಂಪು ಬಣ್ಣ ಹೋಗಿ ಬಿಳಿಚಿತ್ತು. ಮೀನುಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಮೀನು ಚೆನ್ನಾಗಿದ್ದು ಸಿಗಡಿ, ಬಸವನಹುಳು ಸಾಯುತ್ತಿದ್ದರೆ ಮೊದಲು ತಾಮ್ರದ ಮೇಲೆ ಅನುಮಾನ ಪಡಬೇಕು ಅಂತ ಆಮೇಲೆ ಕಲಿತೆ. ಮನುಷ್ಯರು ಚೊಂಬಿನಲ್ಲಿಟ್ಟು ಕುಡಿಯುವ ತಾಮ್ರ, ಬೆನ್ನೆಲುಬಿಲ್ಲದ ಈ ಜೀವಿಗಳಿಗೆ ವಿಷ. ಅರ್ಧ ನೀರು ಬದಲಿಸಿದೆ, ಅದೂ ಗೆಳೆಯನ ಮನೆಯಿಂದ ಆರ್‌ಓ ಡಿಐ ನೀರು ತಂದು. ಮುಂದಿನ ತಿಂಗಳೇ ನನ್ನದೇ ಯೂನಿಟ್ ಕೊಂಡೆ. ನಿಮ್ಮ ಅಡುಗೆಮನೆ ಪ್ಯೂರಿಫೈಯರ್ ಮೇಲೆ ತಾಮ್ರ, ಮಿನರಲ್, ಟಿಡಿಎಸ್ ಕಂಟ್ರೋಲ್ ಅಂತ ಏನೇ ಬರೆದಿದ್ದರೂ ಅದು ನಿಮಗೆ, ಮೀನಿಗಲ್ಲ. ಅಂಗಡಿಯ ಕ್ಯಾನ್ ನೀರಿಗೂ ಇದೇ ಮಾತು. ನಾನು ಕ್ಯಾನ್ ಮಾತ್ರ ಬಳಸುತ್ತೇನೆ, ಅದರ ನೀರನ್ನಲ್ಲ.

ಊರಿನ ಸಮುದ್ರದ ನೀರನ್ನೇ ತರಬಾರದಾ? ತಂದು ನೋಡಿದ್ದೇನೆ. ಸೆಪ್ಟೆಂಬರಿನಲ್ಲಿ ಎರಡು ಕ್ಯಾನ್ ತುಂಬಿಸಿ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಬಂದೆ. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಮಳೆಗಾಲದಲ್ಲಿ ಹೊಳೆಗಳೆಲ್ಲ ಬಂದು ಸೇರುವಾಗ ದಡದ ನೀರು ಎಷ್ಟು ಸಪ್ಪೆಯಾಗುತ್ತದೆ ಅಂತ ಅಳೆದಾಗಲೇ ಗೊತ್ತಾದದ್ದು. ಸಾವಿರ ಪಾಲಿಗೆ 35 ಇರಬೇಕಾದ ಉಪ್ಪಿನ ಅಂಶ 27 ಇತ್ತು. ತಳದಲ್ಲಿ ಒಂದು ಬೆರಳು ಕೆಸರು. ಮೇ ತಿಂಗಳಲ್ಲಿ ಮತ್ತೆ ತಂದಾಗ 34 ಇತ್ತು, ನೀರೂ ತಿಳಿ. ಆದರೆ ನಾನೂರು ಕಿಲೋಮೀಟರ್ ದಾರಿ, ದೋಣಿಯ ಡೀಸೆಲ್ ಎಲ್ಲಿ ತೇಲುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಬಿಟ್ಟುಬಿಟ್ಟೆ. ಇದೇ ಮಾತಿಗೆ ಇನ್ನೊಂದು: ದಡದಲ್ಲಿ, ನೇತ್ರಾಣಿ ದ್ವೀಪದ ಸುತ್ತ ಹವಳ ಕಂಡರೆ ನೋಡಿ ಖುಷಿಪಡಿ, ಮುಟ್ಟಬೇಡಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ, ಹುಲಿಯ ಜೊತೆಗೆ. ಕೊಳ್ಳುವಾಗಲೂ ಕಾಗದಪತ್ರ ಇಲ್ಲದ ಹವಳ ಬೇಡ.

ಕಲಸುವ ಕ್ರಮ

ಶನಿವಾರ ರಾತ್ರಿ ಆರ್‌ಓ ಡಿಐ ನೀರು ಡ್ರಮ್ಮಿಗೆ ಬಿಟ್ಟಿರುತ್ತೇನೆ. ಭಾನುವಾರ ಬೆಳಿಗ್ಗೆ ಅದಕ್ಕೊಂದು ಸಣ್ಣ ಪಂಪ್, ಒಂದು ಹೀಟರ್. ಜನವರಿಯಲ್ಲಿ ಬಾಲ್ಕನಿಯ ನೀರು 19 ಡಿಗ್ರಿಗೆ ಇಳಿದಿರುತ್ತದೆ, ಟ್ಯಾಂಕಿನದು 26. ಅಷ್ಟು ತಣ್ಣಗಿನದನ್ನು ಹವಳದ ಮೇಲೆ ಸುರಿಯುವಂತಿಲ್ಲ.

ಉಪ್ಪನ್ನು ನೀರಿಗೆ ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಹಾಗೆ ಸುರಿದರೆ ತಳದಲ್ಲಿ ಉಪ್ಪು ತೀರಾ ಗಟ್ಟಿಯಾಗಿ, ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಕೂಡಿ ಸುಣ್ಣವಾಗಿ ಕೂರುತ್ತವೆ. ನೀರು ಹಾಲಿನ ಹಾಗೆ ಬಿಳಿಯಾಗುತ್ತದೆ. ಹಾಗಾದರೆ ಅದನ್ನು ಚೆಲ್ಲಿಬಿಡಿ. ಪಂಪ್ ಓಡುತ್ತಿರುವಾಗ ಒಂದೊಂದೇ ಕಪ್ ಉದುರಿಸಿ. ಲೀಟರಿಗೆ 36 ಗ್ರಾಂ ಆಸುಪಾಸು, ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಮ್ಮಿ. ಅಡುಗೆ ಉಪ್ಪು ಯಾಕಾಗಲ್ಲ ಅಂತ ಕೇಳುವವರಿಗೆ: ಅದು ಬರೀ ಸೋಡಿಯಂ ಕ್ಲೋರೈಡ್. ಸಮುದ್ರದಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟ್, ಬೈಕಾರ್ಬೊನೇಟ್ ಇನ್ನೂ ಏನೇನೋ ಇದೆ. ಹವಳ ತನ್ನ ಮನೆ ಕಟ್ಟುವುದು ಅದರಿಂದಲೇ.

ಎರಡು ಮೂರು ಗಂಟೆ ತಿರುಗಿದರೆ ತಿಳಿಯಾಗುತ್ತದೆ. ಆಮೇಲೆ ಉಪ್ಪಿನ ಅಂಶ ತೋರಿಸುವ ಕೊಳವೆ, ರಿಫ್ರಾಕ್ಟೋಮೀಟರಿನಲ್ಲಿ ಅಳೆಯಿರಿ. ಗುರಿ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಅಥವಾ ಸಾಂದ್ರತೆಯ ಲೆಕ್ಕದಲ್ಲಿ 1.026. ಆ ಕೊಳವೆಯನ್ನು ಸಪ್ಪೆ ನೀರಿನಲ್ಲಿ ಸೊನ್ನೆಗೆ ಹೊಂದಿಸುವವರೇ ಜಾಸ್ತಿ. ಅದಕ್ಕಿಂತ 35 ಪಿಪಿಟಿಯ ಸಿದ್ಧ ದ್ರಾವಣ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ, ಅದರಲ್ಲಿ ಹೊಂದಿಸಿ. ನೀವು ಅಳೆಯುವುದು ಆ ಜಾಗದಲ್ಲಿ ತಾನೇ.

ಉಪ್ಪಿನ ಡಬ್ಬಿ ಕೊಳ್ಳುವಾಗ ಆಲ್ಕಲಿನಿಟಿ ಎಷ್ಟು ಅಂತ ಓದಿ. ಅದರ ಅಳತೆ ಡಿಕೆಎಚ್. ನನ್ನ ಮೊದಲ ಡಬ್ಬಿ 12 ಡಿಕೆಎಚ್‌ನದು, ವೇಗವಾಗಿ ಬೆಳೆಯುವ ಗಟ್ಟಿ ಹವಳಕ್ಕೆ ಮಾಡಿದ್ದು. ನನ್ನ ಟ್ಯಾಂಕ್ 8ರಲ್ಲಿತ್ತು. ಆ 40ರ ನೈಟ್ರೇಟ್ ಇಳಿಸಲು ಶೇಕಡಾ 30 ಬದಲಿಸಿದೆ ಅಂದೆನಲ್ಲ, ಮೊದಲ ಸಲವೇ ಅರ್ಧ ಗಂಟೆಯಲ್ಲಿ ಆಲ್ಕಲಿನಿಟಿ 8ರಿಂದ 9.2ಕ್ಕೆ ಹಾರಿತು. ಹ್ಯಾಮರ್ ನಾಲ್ಕು ದಿನ ಮುದುಡಿಕೊಂಡಿತ್ತು. ಉಳಿದ ಎರಡು ಸಲಕ್ಕೆ 8ರ ಹತ್ತಿರದ ಬೇರೆ ಡಬ್ಬಿ ತಂದೆ. ಶೇಕಡಾ 10 ಮಾತ್ರ ಬದಲಿಸುವವರಿಗೆ ಈ ಅಂತರ ಅಷ್ಟು ತಟ್ಟುವುದಿಲ್ಲ, 0.4 ಏರುತ್ತದೆ ಅಷ್ಟೇ. ಸ್ವಲ್ಪ ಸ್ವಲ್ಪವೇ ಬದಲಿಸಿ ಅನ್ನುವುದಕ್ಕೆ ದೊಡ್ಡ ಕಾರಣ ಇದೇ. ತಿಂಗಳಿಗೊಮ್ಮೆ ಶೇಕಡಾ 40 ಬದಲಿಸಿದರೆ 40 ಪಾಲು ಹೋಗುತ್ತದೆ, ವಾರಕ್ಕೊಮ್ಮೆ 10ರಂತೆ ನಾಲ್ಕು ಸಲ ಮಾಡಿದರೆ ಹಳೆಯ ನೀರಿನ 34 ಪಾಲು ಹೋಗುತ್ತದೆ. ಆ ಆರು ಪಾಲಿನ ಆಸೆಗೆ ಹವಳಕ್ಕೆ ಪೆಟ್ಟು ಕೊಡುವುದು ಬೇಡ.

ಬದಲಿಸುವ ಅರ್ಧ ಗಂಟೆ

ಮೊದಲು ಎಲ್ಲ ಆಫ್ ಮಾಡಿ: ಪಂಪ್, ಸ್ಕಿಮ್ಮರ್, ಹೀಟರ್. ನೀರು ಇಳಿದು ಹೀಟರ್ ಗಾಳಿಯಲ್ಲಿ ಉರಿದರೆ ಗಾಜು ಟಪ್ ಅನ್ನುತ್ತದೆ. ಇವೆಲ್ಲಕ್ಕಿಂತ ಮೊದಲು ಆಫ್ ಮಾಡಬೇಕಾದದ್ದು ಎಟಿಓ. ಆವಿಯಾದಷ್ಟು ಸಪ್ಪೆ ನೀರನ್ನು ತಾನೇ ತುಂಬಿಸುವ ಸಣ್ಣ ಯಂತ್ರ ಅದು. ಸಂಪಿನಲ್ಲಿ ನೀರು ಕಡಿಮೆ ಆಯ್ತು ಅಂತ ಸೆನ್ಸರ್ ಹೇಳಿದರೆ ಪಂಪ್ ಶುರು. ನಾನು ಸಂಪಿನಿಂದ 20 ಲೀಟರ್ ತೆಗೆದೆ, ಫೋನ್ ಬಂತು, ಮಾತಾಡಿ ಬಂದೆ. ಸಂಪ್ ಹೆಚ್ಚುಕಮ್ಮಿ ಮೊದಲಿನಷ್ಟೇ ತುಂಬಿ ನಿಂತಿತ್ತು! ಒಂದು ಕ್ಷಣ, ನಾನು ನೀರು ತೆಗೆದದ್ದೇ ಸುಳ್ಳಾ ಅನ್ನಿಸಿತು. ಎಟಿಓ 15 ಲೀಟರ್ ಸಪ್ಪೆ ನೀರು ಸುರಿದಿತ್ತು. ಉಪ್ಪಿನ ಅಂಶ 35ರಿಂದ 32ಕ್ಕೆ. ಕೂಡಲೇ ಉಪ್ಪು ಹಾಕಿ ಸರಿಮಾಡುವ ಆಸೆ ಆಗುತ್ತದೆ, ಮಾಡಬೇಡಿ. ನಾನು ಎಟಿಓ ಡಬ್ಬಿಗೆ ಕೆಲವು ದಿನ ಸಪ್ಪೆ ನೀರಿನ ಬದಲು ಉಪ್ಪುನೀರು ತುಂಬಿಸಿದೆ. ದಿನಕ್ಕೆ ಎರಡು ಮೂರು ಲೀಟರ್ ಆವಿಯಾದಂತೆ ತಾನಾಗಿ ಮೇಲೆ ಬಂತು. ಬೇರೆ ದಿನಗಳಲ್ಲಿ ಮಾತ್ರ ಆವಿಯಾದದ್ದಕ್ಕೆ ಯಾವಾಗಲೂ ಸಪ್ಪೆ ನೀರೇ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆವಿಯಾದ ನೀರು ತುಂಬಿಸುವುದನ್ನೇ ನೀರು ಬದಲಿಸುವುದು ಅಂದುಕೊಂಡವರನ್ನೂ ನೋಡಿದ್ದೇನೆ.

ತೆಗೆಯುವ ಮೊದಲು ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಟೇಪ್ ಅಂಟಿಸಿ. ಗಾಜು ಉಜ್ಜಿ. ರಬ್ಬರ್ ಬುರುಡೆಯ ಪಿಚಕಾರಿಯಿಂದ ಕಲ್ಲಿನ ಸಂದಿಗೆ ನೀರು ಊದಿ. ಏನೆಲ್ಲ ಹೊಗೆಯ ಹಾಗೆ ಏಳುತ್ತದೆ ನೋಡಿ, ಆ ಕೊಳೆ ತೇಲುತ್ತಿರುವಾಗಲೇ ಪೈಪಿನಿಂದ ಎಳೆಯಬೇಕು. ಸುಮ್ನೆ ಮೇಲಿನ ತಿಳಿ ನೀರು ತೆಗೆದರೆ ಅರ್ಧ ಕೆಲಸ ಮಾಡಿದ ಹಾಗೆ. ಮರಳಿನ ಕೊಳೆಯನ್ನು ಒಂದು ಸಲಕ್ಕೆ ಮೂರನೇ ಒಂದು ಭಾಗದಿಂದ ಮಾತ್ರ ಎಳೆಯಿರಿ. ಹವಳದ ತಲೆ ಹತ್ತು ನಿಮಿಷ ನೀರಿನ ಹೊರಗೆ ಬಂದರೆ ಗಾಬರಿ ಬೇಡ, ಸಮುದ್ರದಲ್ಲಿ ಇಳಿತದ ಹೊತ್ತಲ್ಲಿ ಎಷ್ಟೋ ಹವಳ ಹಾಗೇ ನಿಂತಿರುತ್ತವೆ.

ಹೊಸ ನೀರನ್ನು ಸಂಪಿಗೆ ನಿಧಾನ ಹಾಕಿ, ಟೇಪಿನ ಮಟ್ಟ ನೋಡಿಕೊಳ್ಳಿ. ಪಂಪ್, ಹೀಟರ್ ಆನ್. ಎಟಿಓ ಎಲ್ಲಕ್ಕಿಂತ ಕೊನೆಗೆ. ಸ್ಕಿಮ್ಮರ್ ಆ ದಿನ ಹುಚ್ಚು ಹಿಡಿದ ಹಾಗೆ ನೊರೆ ಉಕ್ಕಿಸುತ್ತದೆ, ಸ್ವಲ್ಪ ತಗ್ಗಿಸಿಡಿ. ಹಳೆಯ ನೀರಲ್ಲಿ ಸ್ಪಂಜು, ಪಂಪಿನ ಭಾಗ ತೊಳೆದುಕೊಂಡು ಮೋರಿಗೆ ಬಿಡಿ. ತುಳಸಿ ಕಟ್ಟೆಗೆ ಮಾತ್ರ ಬೇಡ. ನಮ್ಮನೆಯಲ್ಲಿ ಒಂದು ಕರಿಬೇವು ಹೋಗಿದೆ, ಆ ವಿಷಯ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ನಿಮ್ಮ ಟ್ಯಾಂಕ್ ನನ್ನದರ ಥರ ಇಲ್ಲದಿದ್ದರೆ

ಹೊಸ ಟ್ಯಾಂಕ್ ಆದರೆ ಮೊದಲ ನಾಲ್ಕರಿಂದ ಆರು ವಾರ, ಮೀನು ಹಾಕುವ ಮುಂಚೆ, ನೀರು ಬದಲಿಸುವುದೇ ಬೇಡ. ಬ್ಯಾಕ್ಟೀರಿಯ ನೆಲೆಯೂರಲಿ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದಮೇಲೆ ಒಂದು ದೊಡ್ಡ ಬದಲಾವಣೆ, ಶೇಕಡಾ 25 ಅಥವಾ 30. ಅಲ್ಲಿಂದ ವಾರದ ಲೆಕ್ಕ ಶುರು.

40 ಲೀಟರಿನ ಪುಟ್ಟ ಟ್ಯಾಂಕಿಗೆ ವಾರ ತಪ್ಪಿಸಬೇಡಿ. ಶೇಕಡಾ 15 ಅಂದರೂ ಆರು ಲೀಟರ್, ಕಾಲು ಗಂಟೆಯ ಕೆಲಸ. ಅಲ್ಲಿ ಒಂದು ಬಸವನಹುಳು ಸತ್ತರೂ ನೀರು ಕೆಡುತ್ತದೆ.

ಅಕ್ರೊಪೊರಾದಂಥ ಗಟ್ಟಿ ಹವಳ ತುಂಬಿಸಿಕೊಂಡವರು ನೀರು ಬದಲಿಸಿಯೇ ಆಲ್ಕಲಿನಿಟಿ ಕಾಪಾಡುತ್ತೇನೆ ಅಂದುಕೊಂಡರೆ ಆಗಲ್ಲ. ಟ್ಯಾಂಕ್ 7ಕ್ಕೆ ಇಳಿದಿದೆ, ಹೊಸ ನೀರು 8.5 ಇದೆ ಅಂದುಕೊಳ್ಳಿ. ಶೇಕಡಾ 10 ಬದಲಿಸಿದರೆ ಸಿಗುವುದು 0.15. ಹವಳಗಳು ಅಷ್ಟನ್ನು ಒಂದು ರಾತ್ರಿಯಲ್ಲಿ ಮುಗಿಸುತ್ತವೆ. ಅವರಿಗೆ ಡೋಸಿಂಗ್, ಅಂದರೆ ಬೇರೆಯಾಗಿ ಅಳೆದು ಹಾಕುವುದು, ಬೇಕೇ ಬೇಕು.

ಇನ್ನು ಕೆಲವರ ಟ್ಯಾಂಕಿನಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಅವರು ಹೆಮ್ಮೆ ಪಡುತ್ತಾರೆ. ಹವಳ ಬಣ್ಣ ಕಳೆದುಕೊಂಡು ಪೇಲವವಾಗಿರುತ್ತದೆ, ಮರಳ ಮೇಲೆ ಗುಳ್ಳೆಗುಳ್ಳೆಯಾದ ಕಂದು ಲೋಳೆ. ಬೇರೆ ಪಾಚಿಗೆ ಊಟ ಇಲ್ಲದಾಗ ಡೈನೊ ಅನ್ನುವ ಈ ಪೀಡೆ ಬಂದು ಕೂರುತ್ತದೆ. ಅಂಥವರು ನೀರು ಬದಲಿಸುವುದನ್ನು ಕೆಲವು ವಾರ ನಿಲ್ಲಿಸಬೇಕು, ಮೀನಿಗೆ ಜಾಸ್ತಿ ತಿನ್ನಿಸಬೇಕು. ಕೊಳೆ ಕಂಡು ಇನ್ನೂ ಇನ್ನೂ ಬದಲಿಸಿದಷ್ಟೂ ಅದಕ್ಕೆ ಹಬ್ಬ.

ಲೆಕ್ಕವನ್ನೆಲ್ಲ ಬದಿಗಿಟ್ಟು ಕೂಡಲೇ ಬದಲಿಸಬೇಕಾದ ದಿನಗಳೂ ಇವೆ. ಮೀನು ಕಲ್ಲಿನಡಿ ಸತ್ತು ಅಮೋನಿಯ ಕಂಡರೆ, ಯಾರೋ ಟ್ಯಾಂಕ್ ಇರುವ ಕೋಣೆಯಲ್ಲೇ ಜಿರಳೆ ಸ್ಪ್ರೇ ಹೊಡೆದರೆ, ಸೋಪು ಹಚ್ಚಿದ ಕೈ ಒಳಗೆ ಹೋದರೆ ಶೇಕಡಾ 30ರಿಂದ 50ರವರೆಗೆ ಬದಲಿಸಿ, ಆಕ್ಟಿವೇಟೆಡ್ ಕಾರ್ಬನ್ ಚೀಲ ಇಳಿಬಿಡಿ. ಇದಕ್ಕಾಗಿಯೇ ನನ್ನ ಬಾಲ್ಕನಿಯಲ್ಲಿ ಆರ್‌ಓ ಡಿಐ ನೀರು, ಅದಕ್ಕೆ ಬೇಕಾದಷ್ಟು ಉಪ್ಪು ಯಾವಾಗಲೂ ಇರುತ್ತವೆ. ರಾತ್ರಿ ಹತ್ತಕ್ಕೆ ಕರೆಂಟು ಹೋಗಿದ್ದಾಗ ನೀರು ಮಾಡಲು ಹೊರಟರೆ ಆರ್‌ಓ ಕೈಕೊಡುತ್ತದೆ.

ಊರಿಗೆ ಹೊರಡುವ ಹಿಂದಿನ ದಿನ ಮಾತ್ರ ನೀರು ಬದಲಿಸಬೇಡಿ. ಮನೆ ಗುಡಿಸಿ ಹೋಗುವ ಹಾಗೆ ಟ್ಯಾಂಕನ್ನೂ ಚೊಕ್ಕ ಮಾಡಿ ಹೋಗೋಣ ಅನ್ನಿಸುತ್ತದೆ. ಒಂದು ಸ್ವಿಚ್ ಮರೆತರೂ ಅದು ಗೊತ್ತಾಗುವುದು ನೀವು ಶಿರಾಡಿ ಘಾಟಿ ಇಳಿಯುವಾಗ. ನಾನು ಹೊರಡುವ ಮೂರು ದಿನ ಮುಂಚೆ ಮುಗಿಸಿ, ಮೂರು ದಿನವೂ ಸ್ಕಿಮ್ಮರಿನ ಕಪ್, ಹೀಟರಿನ ಕೆಂಪು ದೀಪ, ಎಟಿಓ ಡಬ್ಬಿಯ ಮಟ್ಟ ನೋಡುತ್ತೇನೆ. ಪಕ್ಕದ ಮನೆಯ ಹುಡುಗನ ಕೈಗೆ ಬೀಗದ ಕೈ, ಮಾತ್ರೆ ಡಬ್ಬಿಯಲ್ಲಿ ದಿನದಿನಕ್ಕೆ ಅಳೆದಿಟ್ಟ ಮೀನಿನ ತಿಂಡಿ. ಡಬ್ಬಿಯಲ್ಲಿ ಇಲ್ಲದ್ದನ್ನು ಹಾಕಬೇಡ ಅಂತ ಎರಡು ಸಲ ಹೇಳಿರುತ್ತೇನೆ.